ಹತ್ತು ಗಂಟೆಯ ಚೀಟಿ

"ಒಂದು ಊಟ, ಒಂದು ಟೀ. ಅಷ್ಟರಾಗೆ ಬೆಂಗಳೂರು ಬಂದಿರ್ತೈತೆ ತಾಯಿ," ಎಂದಳು ಲಕ್ಷ್ಮಮ್ಮ. "ಕಿಲೋಮೀಟ್ರು ನಮಗೆಲ್ಲಿ ಗೊತ್ತಾಗ್ತೈತೆ? ಮೋಡದ ಮ್ಯಾಲೆ ಮೈಲಿಗಲ್ಲು ನೆಟ್ಟಾರಾ?"

ಎಸ್‌ಐ ಶಿವಲೀಲಾ ನಗಲಿಲ್ಲ. ಅವಳ ಮೊಬೈಲಿನಲ್ಲಿ ಭೂಪಟ ತೆರೆದಿತ್ತು. ಇಥಿಯೋಪಿಯಾದ ಅಡಿಸ್ ಅಬಾಬ ವಿಮಾನ ನಿಲ್ದಾಣದ ಮೇಲೆ ಒಂದು ಚುಕ್ಕೆ, ಬೆಂಗಳೂರು ವಿಮಾನ ನಿಲ್ದಾಣದ ಮೇಲೆ ಇನ್ನೊಂದು. ನಡುವೆ ಅರಬ್ಬಿ ಸಮುದ್ರದ ಉದ್ದಕ್ಕೂ ಒಂದು ಗೆರೆ. ನಾಲ್ಕು ಸಾವಿರದ ಇನ್ನೂರ ಅರವತ್ತಾರು ಕಿಲೋಮೀಟರ್, ಐದೂವರೆ ಗಂಟೆಯ ಹಾರಾಟ. ನಿನ್ನೆಯಿಂದ ಅವಳು ಇದನ್ನು ಅಳೆಯುತ್ತಿರುವುದು ಹನ್ನೊಂದನೇ ಸಲ. ಹನ್ನೊಂದು ಸಲವೂ ಅಂಕಿ ಅದೇ.

ಬುಧವಾರ ಬೆಳಿಗ್ಗೆ ಸೂಳೆಕೆರೆ ಏರಿಯ ಕೆಳಗೆ ನ್ಯಾಮತಿಯ ಕೇಶತೈಲದ ಕಾರ್ಖಾನೆ ಮಾಲೀಕ ಮಹಾಂತೇಶ್ ಹೆಣವಾಗಿ ಸಿಕ್ಕಿದ್ದ. ಅವನನ್ನು ಕೊಂದ ಆರೋಪದ ಮೇಲೆ ನಿನ್ನೆ ಸಂಜೆ ಐದಕ್ಕೆ ಲಕ್ಷ್ಮಮ್ಮನ ಮಗ ನಾಗರಾಜನನ್ನು ಬಂಧಿಸಿದವಳು ಇದೇ ಶಿವಲೀಲಾ. ಇವತ್ತು ಸಂಜೆ ಐದರೊಳಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಚನ್ನಗಿರಿಯ ನ್ಯಾಯಾಧೀಶರು ರಜೆ ಹಾಕಿದ್ದರಿಂದ ಹೊನ್ನಾಳಿಗೆ ಕರೆದೊಯ್ಯಬೇಕಾಗಿತ್ತು. ಅಲ್ಲಿಂದ ಮುಂದೆ ಜೈಲು.

ಈಗ ಬೆಳಿಗ್ಗೆ ಒಂಬತ್ತೂವರೆ.

ಸುತ್ತ ಹತ್ತೂರಲ್ಲಿ ಏನೇ ಆದರೂ ಪೊಲೀಸ್ ಜೀಪು ಮೊದಲು ಬರುವುದು ಚನ್ನಗಿರಿ ತಾಲ್ಲೂಕಿನ ಈ ಹಕ್ಕಿಪಿಕ್ಕಿ ಕಾಲೋನಿಗೆ. ಜೀಪಿಗೂ ಅದು ಎಷ್ಟು ರೂಢಿಯಾಗಿದೆಯೆಂದರೆ, ಡ್ರೈವರ್ ಅಂಜಿನಪ್ಪ ಕಣ್ಣು ಮುಚ್ಚಿಕೊಂಡರೂ ಅದೇ ತಾನಾಗಿ ಇತ್ತ ತಿರುಗೀತು. ನಿನ್ನೆಯೂ ಹಾಗೆಯೇ ತಿರುಗಿತ್ತು. ಅದು ಶಿವಲೀಲಾಳ ಎದೆಯಲ್ಲಿ ಮುಳ್ಳಿನಂತೆ ಆಡುತ್ತಿತ್ತು. ನಾಗರಾಜ ಬುಧವಾರ ಬೈಕಿನಲ್ಲಿ ಸೂಳೆಕೆರೆಯ ಹತ್ತಿರ ಕಂಡದ್ದು ನಿಜ. ಅಲ್ಲಿಗೆ ಯಾಕೆ ಹೋಗಿದ್ದೆ ಎಂದರೆ ಅವನು ಬಾಯಿ ಬಿಡದಿರುವುದೂ ನಿಜ. ಆದರೆ ತಪ್ಪು ಮಾಡಿದವನ ಮೌನ ಬೇರೆ ಥರ ಇರುತ್ತದೆ. ಇವನು ಒಂದು ಲೋಟ ನೀರನ್ನೂ ಮುಟ್ಟದೆ ಕೂತಿದ್ದ.

"ಅಜ್ಜಿ, ಇದನ್ನ ನೋಡಿ," ಎಂದು ಅವಳು ಮೊಬೈಲಿನಲ್ಲಿ ಇನ್ನೊಂದು ಚಿತ್ರ ತೆಗೆದಳು. ಹರಿದ ಎರಡು ಸಣ್ಣ ಪೊಟ್ಟಣ, ಮೇಲೆ ನಮ್ಮದಲ್ಲದ ಲಿಪಿ. ಮೀನು ಹಿಡಿಯಲು ಹೋಗಿದ್ದ ಕೆಂಪಕ್ಕನಿಗೆ ಹೆಣದ ಪಕ್ಕದಲ್ಲೇ ಸಿಕ್ಕಿದ್ದವು.

"ಇದಾ? ಕೈ ಒರೆಸೋ ಒದ್ದೆ ಕಾಗದ. ಅಡಿಸ್ ವಿಮಾನದಾಗೆ ಊಟದ ಜತಿಗೆ ಕೊಡ್ತಾರೆ. ಒಬ್ಬರಿಗೆ ಒಂದೇ. ಇನ್ನೊಂದು ಕೊಡವ್ವ ಅಂದ್ರೆ ಆ ಹುಡುಗಿ ಕಣ್ಣು ಬಿಡ್ತಾಳೆ."

ನಾಗರಾಜ ತಿಂಗಳ ಹಿಂದೆ ಅಲ್ಲಿಂದ ಬಂದವನು, ಅವನ ಜೇಬಿನಲ್ಲಿ ಉಳಿದಿದ್ದವು ಎಂದು ಫೈಲಿನಲ್ಲಿ ಬರೆದಾಗಿತ್ತು. ಬರೆದವಳೂ ಇವಳೇ.

ಕಾಲೋನಿಯವರಿಗೆ ಆಫ್ರಿಕಾ ಎಂದರೆ ದಾವಣಗೆರೆ ಸಂತೆಗೆ ಹೋಗಿಬಂದಂತೆ. ಬೇರು, ಸೊಪ್ಪು ಹಾಕಿ ಕುದಿಸಿದ ಎಣ್ಣೆಯನ್ನು ಅಲ್ಲಿ ಮಾರಿ ಬರುತ್ತಾರೆ. ಅಕ್ಷರ ಬಾರದ ಲಕ್ಷ್ಮಮ್ಮ ಒಂಬತ್ತು ಸಲ ಸಮುದ್ರ ದಾಟಿದ್ದಳು. ಸಮುದ್ರವನ್ನು ಗೋಕರ್ಣದಲ್ಲಿ ಒಮ್ಮೆ ಮಾತ್ರ ಕಂಡಿದ್ದ ಶಿವಲೀಲಾ ಅವಳ ಜಗಲಿಯ ಮೇಲೆ ಕೂತು ಭೂಪಟ ಅಳೆಯುತ್ತಿದ್ದಳು.

"ನಮ್ಮ ಎಣ್ಣೆಗೆ ಬೋರ್ಡು ಬ್ಯಾಡ ತಾಯಿ," ಎಂದಳು ಲಕ್ಷ್ಮಮ್ಮ, ಬಾಗಿಲ ಮರೆಯಲ್ಲಿ ನಿಂತಿದ್ದ ಸೊಸೆ ಅನಿತಾಳನ್ನು ತೋರಿಸುತ್ತ. "ಇವಳ ಜಡೇನೇ ಬೋರ್ಡು. ಮಣಕಾಲು ಮುಟ್ತೈತೆ. ಗುರುವಾರ ಅಡಿಸ್‌ನಿಂದ ಬಂದಾಗಿಂದ ತಲೆಗೆ ಸೊಪ್ಪು ಅರೆದು ಕಟ್ಟ್ಯಾಳೆ, ಐದು ದಿನ ಬಿಚ್ಚಂಗಿಲ್ಲ. ಇಲ್ಲಾಂದ್ರೆ ತೋರಿಸ್ತಿದ್ದೆ."

ಅನಿತಾ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಅವಳ ಕಣ್ಣು ಅತ್ತು ಊದಿದ್ದವು. "ಮೇಡಂ, ನನ್ನ ಗಂಡ ಊಟ ಮಾಡಿದ್ನಾ?" ಎಂದು ಕೇಳಿದಳು.

ಶಿವಲೀಲಾ ಕಣ್ಣನ್ನು ಮೊಬೈಲಿಗೆ ಇಳಿಸಿದಳು. ಅವಳು ಮೂರನೇ ಚಿತ್ರ ತೆಗೆದಳು. ಇದೊಂದು ಚೀಟಿಯೇ ಎಲ್ಲಕ್ಕೂ ಅಡ್ಡಗಾಲು. ಹೊನ್ನಾಳಿಯ ವಿನಯ್ ಕುಮಾರ್ ಮಹಾಂತೇಶನ ಎಣ್ಣೆಯನ್ನು ಹೊರದೇಶಕ್ಕೆ ಕಳಿಸುತ್ತಿದ್ದ ವ್ಯಾಪಾರಿ. ಹೋದ ತಿಂಗಳು ಇಬ್ಬರೂ ಬೀದಿಯಲ್ಲೇ ಕೈಕೈ ಮಿಲಾಯಿಸಿದ್ದರು. ಶಿವಲೀಲಾಳ ಮೊದಲ ಅನುಮಾನ ಅವನ ಮೇಲೆಯೇ ಇತ್ತು. ಆದರೆ ಅವನು ಮಂಗಳವಾರ ಅಡಿಸ್‌ನಲ್ಲಿದ್ದ. ತಂಗಿದ್ದ ಮನೆಯವರು ರೂಮು ಖಾಲಿ ಮಾಡಿದ್ದಕ್ಕೆ ಕೊಟ್ಟ ಚೀಟಿ ಅವನ ಬಳಿ ಇತ್ತು. ಮಂಗಳವಾರದ ತಾರೀಖಿನ ಮೊಹರು, ಪಕ್ಕದಲ್ಲಿ ಕೈಬರಹದಲ್ಲಿ ಹತ್ತು ಗಂಟೆ. 'ರಾತ್ರಿ ಹತ್ತು ಮೇಡಂ,' ಎಂದಿದ್ದ. ಪಾಸ್‌ಪೋರ್ಟಿನಲ್ಲಿ ಬುಧವಾರ ಬೆಂಗಳೂರಿಗೆ ಬಂದ ಮುದ್ರೆಯೂ ಇತ್ತು. ಮುದ್ರೆಯಲ್ಲಿ ತಾರೀಖು ಇತ್ತು, ಗಂಟೆ ಇರಲಿಲ್ಲ. ಬೋರ್ಡಿಂಗ್ ಪಾಸ್ ಎಲ್ಲೋ ಬಿದ್ದುಹೋಯಿತಂತೆ. ವಿಮಾನ ಕಂಪನಿಗೆ ಬರೆದ ಪತ್ರಕ್ಕೆ ಇನ್ನೂ ಉತ್ತರ ಬಂದಿರಲಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ತೊಂಬತ್ತೆಂಟು ತೆಗೆದ ಹೆಮ್ಮೆ ಶಿವಲೀಲಾಳಿಗೆ ಇನ್ನೂ ಇಳಿದಿರಲಿಲ್ಲ. ಅವಳು ಕೂತು ಲೆಕ್ಕ ಹಾಕಿದ್ದಳು. ಅಲ್ಲಿ ರಾತ್ರಿ ಹತ್ತು ಎಂದರೆ ನಮ್ಮಲ್ಲಿ ಹನ್ನೆರಡೂವರೆ. ವಿಮಾನ ಹತ್ತುವ ಮೊದಲು ನಿಲ್ದಾಣದಲ್ಲಿ ಮೂರು ಗಂಟೆ. ಹಾರಾಟ ಐದೂವರೆ. ಬೆಂಗಳೂರು ತಲುಪುವಾಗ ಬುಧವಾರ ಬೆಳಿಗ್ಗೆ ಒಂಬತ್ತು. ಹೊರಬರಲು ಅರ್ಧ ಗಂಟೆ, ಸೂಳೆಕೆರೆಗೆ ರಸ್ತೆಯಲ್ಲಿ ನಾಲ್ಕೂವರೆ. ಮಧ್ಯಾಹ್ನ ಎರಡು. ಮಹಾಂತೇಶ್ ಸತ್ತದ್ದು ಬೆಳಿಗ್ಗೆ ಎಂಟರಿಂದ ಒಂಬತ್ತರ ಒಳಗೆ. ಅಲ್ಲಿಗೆ ವಿನಯ್ ಬಿಡುಗಡೆಯಾದ, ಜೀಪು ಕಾಲೋನಿಗೆ ತಿರುಗಿತು.

ಚೀಟಿ ಕಂಡದ್ದೇ ಲಕ್ಷ್ಮಮ್ಮ ಹಿಗ್ಗಿದಳು. "ಇದು ಅಲ್ಮಾಜ್ ಮನೇದು! ಹೂವಿನ ಮೊಹರು ನೋಡು. ನಾವೂ ಅಲ್ಲೇ ಇಳ್ಕಳ್ಳಾದು. ಏನು ಬರೆದೈತೆ ತಾಯಿ?"

"ಹತ್ತು ಗಂಟೆ."

"ಯಾವ ಹತ್ತು?"

"ಯಾವ ಹತ್ತು ಅಂದ್ರೆ? ರಾತ್ರಿ ಹತ್ತು."

ಮುದುಕಿ ಬಾಯಿ ತುಂಬ ನಗಲು ಶುರುಮಾಡಿದಳು. ಮಗ ಲಾಕಪ್ಪಿನಲ್ಲಿರುವುದು ನೆನಪಾಗಿ ಅರ್ಧಕ್ಕೇ ನಿಲ್ಲಿಸಿದಳು.

"ಅತ್ತೆ, ಮೇಡಂ ಅವ್ರಿಗೆ ಹೊತ್ತಾಗ್ತೈತೆ," ಎಂದಳು ಅನಿತಾ ಥಟ್ಟನೆ. "ಹಳೇ ಪುರಾಣ ಬ್ಯಾಡ ಬಿಡ್ರಿ."

"ಇರ್ಲಿ, ಹೇಳಿ ಅಜ್ಜಿ."

"ಏನಿಲ್ಲ ತಾಯಿ. ಮೊದ್ಲ ಸಲ ಹೋದಾಗ ನಾವು ಏಳು ಜನ ಹೆಣ್ಮಕ್ಕಳು. ವಾಪಸ್ ಬರಾ ದಿನ ಅಲ್ಮಾಜ್ ಹೇಳಿದ್ಲು, ಎರಡು ಗಂಟೆಗೆ ಗಾಡಿ ಬರ್ತೈತೆ ಅಂತ. ಮಧ್ಯಾಹ್ನ ಎರಡಲ್ಲವಾ ಅಂತ ನಾವು ಒಂದೊಂದು ರೂಮಿನಾಗೆ ತಲೆಗೆ ಎಣ್ಣೆ ಹಚ್ಕಂಡು ಕುಂತ್ವಿ. ಬೆಳಿಗ್ಗೆ ಎಂಟಕ್ಕೆ ಗಾಡಿ ಬಂದು, ಹಾರನ್ ಹೊಡೆದು ಹೊಡೆದು ಹೋತು. ವಿಮಾನನೂ ಹೋತು. ಎರಡು ದಿನ ಏರ್‌ಪೋರ್ಟ್‌ನಾಗೆ ರೊಟ್ಟಿ ಚೂರು ತಿನ್ಕಂಡು ಬಿದ್ದಿದ್ವಿ."

"ಎರಡು ಅಂದವಳು ಎಂಟಕ್ಕೆ ಯಾಕೆ ಕಳಿಸಿದಳು?"

"ಅವಳ ಲೆಕ್ಕದಾಗೆ ಅದೇ ಎರಡು! ಅವರ ಗಡಿಯಾರ ಹೊತ್ತು ಹುಟ್ಟಿದಾಗಿಂದ ಶುರು. ನಮ್ಮ ಏಳು ಗಂಟೆ ಅವರಿಗೆ ಒಂದು. ಎಂಟು ಅಂದ್ರೆ ಎರಡು. ಹೊತ್ತು ಮುಳುಗಿದ ಮ್ಯಾಲೆ ಮತ್ತೆ ಒಂದರಿಂದ. ನಮ್ಮಜ್ಜಿನೂ ಹಂಗೇ ಅಂತಿದ್ಲು, ಹೊತ್ತು ಹುಟ್ಟಿ ಎಷ್ಟು ಗಳಿಗೆ ಆತು ಅಂತ. ಏರ್‌ಪೋರ್ಟ್‌ನಾಗೆ ಮಾತ್ರ ನಮ್ಮ ಗಡಿಯಾರ. ಮೊದ್ಲ ಸಲ ಹೋದೋರಿಗೆ ಇದು ಯಾರಾರ ಹೇಳಿಕೊಡದೆ ತಿಳಿಯಾದಿಲ್ಲ."

ಶಿವಲೀಲಾ ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ಅವಳಿಗೇ ಗೊತ್ತಾಗಲಿಲ್ಲ.

ಅಲ್ಮಾಜಳ ಹತ್ತು ಎಂದರೆ ಸಂಜೆ ನಾಲ್ಕು. ಇಲ್ಲವೇ ನಸುಕಿನ ನಾಲ್ಕು, ಅದಾದರೆ ಇನ್ನೂ ಮೊದಲು. ಸಂಜೆ ನಾಲ್ಕು ಎಂದೇ ಇಟ್ಟುಕೊಂಡರೂ ನಮ್ಮಲ್ಲಿ ಆರೂವರೆ. ನಿಲ್ದಾಣದಲ್ಲಿ ಮೂರು ಗಂಟೆ ಸೇರಿ ಒಂಬತ್ತೂವರೆ. ಹಾರಾಟ ಐದೂವರೆ, ಬೆಂಗಳೂರಿಗೆ ಬೆಳಗಿನ ಜಾವ ಮೂರು. ಅರ್ಧ ಗಂಟೆ, ಮತ್ತೆ ನಾಲ್ಕೂವರೆ. ಸೂಳೆಕೆರೆಗೆ ಎಂಟು ಗಂಟೆ. ಸರಿಯಾಗಿ ಮಹಾಂತೇಶ್ ಸಾಯುವ ಹೊತ್ತಿಗೆ.

ಹನ್ನೊಂದು ಸಲ ದೂರವನ್ನು ಅಳೆದಿದ್ದಳು. ಗಡಿಯಾರ ಯಾರದ್ದು ಎಂದು ಒಂದು ಸಲವೂ ಕೇಳಿರಲಿಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾದವು. ತೊಂಬತ್ತೆಂಟು ಅಂಕದ ಜಂಭಕ್ಕೆ ಒಬ್ಬ ಮನುಷ್ಯ ರಾತ್ರಿಯಿಡೀ ಸಿಮೆಂಟಿನ ನೆಲದ ಮೇಲೆ ಕೂತಿದ್ದ.

"ಅಜ್ಜಿ, ಅಲ್ಮಾಜ್ ನಂಬರ್ ಐತಾ?"

"ವಾಟ್ಸಾಪಿನಾಗೆ ದಿನಾ ಮಾತಾಡ್ತೀವಿ!"

"ನಡೀರಿ, ಜೀಪ್ ಹತ್ತಿ."

"ನಾನೂ ಬರ್ತೀನಿ," ಎಂದಳು ಅನಿತಾ. ಅವಳ ಮುಖ ಬಿಳಿಚಿಕೊಂಡಿತ್ತು. ಗಂಡನ ಬಿಡುಗಡೆಯ ಸುದ್ದಿಗೆ ಬರಬೇಕಾದ ಕಳೆ ಅಲ್ಲಿರಲಿಲ್ಲ. ಆದರೆ ಶಿವಲೀಲಾಳಿಗೆ ಆಗ ಮುಖ ನೋಡುವಷ್ಟು ಪುರುಸೊತ್ತೆಲ್ಲಿತ್ತು?

*

ವಿನಯ್ ಕುಮಾರ್ ಎರಡು ದಿನದಿಂದ ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ, ಹೆಂಡತಿಯ ತವರಿನಲ್ಲಿದ್ದ. ಕಾಲೋನಿಯಿಂದ ಅಲ್ಲಿಗೆ ತೊಂಬತ್ತರ ಹತ್ತಿರ ಕಿಲೋಮೀಟರ್. ಆಕಾಶದಲ್ಲಾಗಿದ್ದರೆ ಏಳು ನಿಮಿಷ. ಆದರೆ ಇದು ಕೊಯ್ಲಿನ ಕಾಲ. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿ, ಯಾರೂ ಹತ್ತಿಸದಿರಲಿ ಎಂದು ಅಂಚಿಗೆ ಕಲ್ಲು ಜೋಡಿಸಿದ್ದರು. ಅಂಜಿನಪ್ಪ ಬಸುರಿ ಹೆಂಗಸನ್ನು ಕರೆದೊಯ್ಯುವವನಂತೆ ಜೀಪು ಓಡಿಸಿದ.

"ಸ್ವಲ್ಪ ತುಳೀರಿ ಅಂಜಿನಪ್ಪ."

"ಜ್ವಾಳದ ಮ್ಯಾಲೆ ಹತ್ತಿಸಿದ್ರೆ ಯೂನಿಫಾರ್ಮು ನೋಡಾದಿಲ್ಲ ಮೇಡಂ, ಕುಡುಗೋಲು ತಗಂಡು ಬರ್ತಾರೆ."

ಶಿವಲೀಲಾ ಗಡಿಯಾರ ನೋಡಿದಳು. ಹತ್ತು ಐವತ್ತು. ಮತ್ತೆ ನೋಡಿದಳು. ಹತ್ತು ಐವತ್ತೆರಡು. ಕಿಟಕಿಯ ಗಾಜು ಇಳಿಸಿದಳು, ಏರಿಸಿದಳು.

ಫೋನ್ ಬಡಿದುಕೊಂಡಿತು. ಮಹಾಂತೇಶನ ಹೆಂಡತಿ ಪ್ರಮೀಳಾ, ನ್ಯಾಮತಿಯಿಂದ. ಬೆಳಗಿನಿಂದ ಇದು ಮೂರನೇ ಕರೆ. ಶಿವಲೀಲಾ ಸ್ಪೀಕರ್ ಒತ್ತಿದಳು.

"ಮೇಡಂ, ಇವತ್ತು ಐದಕ್ಕೆ ಅವನ್ನ ಜೈಲಿಗೆ ಕಳಿಸ್ತೀರಲ್ವಾ?"

"ವಿಚಾರಣೆ ನಡೀತಾ ಇದೆ ಅಮ್ಮ."

"ಇನ್ನೆಂಥ ವಿಚಾರಣೆ ರೀ? ಸಾಕ್ಷಿ ಐತೆ ಅಂದ್ರಿ, ಹಿಡಿದ್ರಿ. ಮತ್ತೆ ಯಾರ ಮನೆಗೆ ಹೋಗಾಕೆ ಹತ್ತೀರಿ? ನನ್ನ ಗಂಡನ ಆತ್ಮಕ್ಕೆ ಶಾಂತಿ ಸಿಗಬೇಕು ಮೇಡಂ." ದನಿ ಒಡೆಯಿತು. "ಹೊನ್ನಾಳಿಗೆ ನಾನೂ ಬರ್ತೀನಿ. ಕಣ್ಣಾರೆ ನೋಡ್ತೀನಿ."

ಶಿವಲೀಲಾ ಏನೋ ಸಮಾಧಾನ ಹೇಳಿ ಇಟ್ಟಳು. ಹಿಂದಿನ ಸೀಟಿನಲ್ಲಿ ಅನಿತಾ ಮುಖವನ್ನು ಪೂರ್ತಿ ಕಿಟಕಿಯ ಕಡೆಗೆ ತಿರುಗಿಸಿಕೊಂಡಿದ್ದಳು. ಪಾಪ, ಗಂಡನಿಗೆ ಶಾಪ ಹಾಕುವುದನ್ನು ಕೇಳಿಸಿಕೊಳ್ಳುವುದು ಯಾವ ಹೆಂಡತಿಗೆ ತಾನೇ ಸುಲಭ ಎಂದುಕೊಂಡಳು ಶಿವಲೀಲಾ.

*

ಬಿಳಿಚೋಡಿನ ಬೀದಿಯಲ್ಲಿ ಕುರಿಹಿಂಡು ದಾಟುವವರೆಗೆ ಕಾದು, ಮನೆ ಮುಟ್ಟಿದಾಗ ಒಂದೂಕಾಲು. ವಿನಯ್ ಊಟ ಮುಗಿಸಿ ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಮೂವತ್ತೆಂಟರ ವಯಸ್ಸು, ಇಸ್ತ್ರಿ ಮುರಿಯದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ.

"ಬರ್ರಿ ಮೇಡಂ, ಬರ್ರಿ. ಇಷ್ಟು ದೂರ ಯಾಕೆ ಬರಾಕೆ ಹೋದ್ರಿ? ಫೋನ್ ಮಾಡಿದ್ರೆ ನಾನೇ ಬರ್ತಿದ್ದೆ. ಮಜ್ಜಿಗೆ ತರಿಸ್ಲಾ?"

"ಬೇಡ. ಎರಡು ಮಾತು ಕೇಳಿ ಹೋಗ್ತೀನಿ. ಅಡಿಸ್‌ಗೆ ಎಷ್ಟು ಸಲ ಹೋಗಿದ್ದೀರಿ?"

"ಇದೇ ಮೊದ್ಲು. ಎಣ್ಣೆ ಬಗ್ಗೆ ಅಲ್ಲಿಂದ ದೂರು ಬಂದಿದ್ವು. ನೋಡ್ಕಂಡು ಬರಾಣ ಅಂತ ಹೋಗಿದ್ದೆ."

"ಮಂಗಳವಾರ ರೂಮು ಖಾಲಿ ಮಾಡಿದಾಗ ಹೊರಗೆ ಬೆಳಕಿತ್ತಾ?"

"ರಾತ್ರಿ ಹತ್ತಕ್ಕೆ ಎಲ್ಲಿ ಬೆಳಕು ಮೇಡಂ? ಬೀದಿ ದೀಪ ಬಿಟ್ರೆ ಗವ್ವಂತ ಕತ್ತಲು."

"ಚೀಟಿ ಬರೆದದ್ದು ಯಾರು?"

"ಆ ಮನೆ ಯಜಮಾನತಿ. ಗೋಡೆ ಗಡಿಯಾರ ನೋಡಿ ನನ್ನ ಎದುರಿಗೇ ಬರೆದ್ಲು. ಬೇಕಾದ್ರೆ ಅವಳನ್ನೇ ಕೇಳ್ರಿ." ಕೊನೆಯ ಮಾತು ಹೇಳುವಾಗ ಅವನು ನಕ್ಕ. ನಾಲ್ಕು ಸಾವಿರ ಕಿಲೋಮೀಟರ್ ದೂರದವಳನ್ನು ಕೇಳುವವರು ಯಾರು ಎಂಬ ಧೈರ್ಯ.

"ಕೇಳೋಣ," ಎಂದಳು ಶಿವಲೀಲಾ. "ಅಜ್ಜಿ, ಬನ್ನಿ."

ಲಕ್ಷ್ಮಮ್ಮ ಜೀಪಿನಿಂದ ಇಳಿದು ಬಂದಳು. ವಿನಯ್‌ನ ಕಣ್ಣು ಅವಳನ್ನು ದಾಟಿ ಜೀಪಿನ ಹಿಂದಿನ ಕಿಟಕಿಯ ಮೇಲೆ ನಿಂತಿತು. ಬಾಯಲ್ಲಿದ್ದ ಎಲೆಯನ್ನು ಅಗಿಯುವುದು ನಿಂತಿತು.

ಮುದುಕಿ ವಿಡಿಯೊ ಕರೆ ಹಚ್ಚಿದಳು. ಎರಡು ಸಲ ಬಡಿದದ್ದೇ ಪರದೆಯ ತುಂಬ ಒಂದು ದುಂಡು ಮುಖ, ಬಿಳಿ ಬಟ್ಟೆ ಹೊದ್ದ ತಲೆ, ಕೈಯಲ್ಲಿ ಕಾಫಿ ಹುರಿಯುವ ಬಾಣಲೆ. "ಲಚ್ಚಿಮಾ!" ಎಂದು ಕೂಗಿದಳು ಆ ಹೆಂಗಸು. ಮುಂದಿನದು ಅರ್ಧ ಅವರ ಮಾತು, ಅರ್ಧ ಇವರ ಮಾತು, ಉಳಿದದ್ದು ಕೈಸನ್ನೆ. ಇಬ್ಬರಿಗೂ ಎಲ್ಲ ಅರ್ಥವಾಗುತ್ತಿತ್ತು.

"ಗೋಡೆ ಗಡಿಯಾರ ತೋರಿಸೋಕೆ ಹೇಳಿ," ಎಂದಳು ಶಿವಲೀಲಾ.

ಚಿತ್ರ ಅಲುಗಾಡಿತು, ಕುರ್ಚಿ, ಪರದೆ, ಕಿಟಕಿಯಾಚೆ ರಣಬಿಸಿಲು, ಕೊನೆಗೆ ಗೋಡೆಯ ಮೇಲಿನ ಗಡಿಯಾರ.

"ನಮ್ಮಲ್ಲಿ ಈಗ ಒಂದೂವರೆ. ಅಲ್ಲಿಗೂ ನಮಗೂ ಎರಡೂವರೆ ಗಂಟೆ ವ್ಯತ್ಯಾಸ. ಅಲ್ಲಿ ಈಗ ಬೆಳಿಗ್ಗೆ ಹನ್ನೊಂದಿರಬೇಕು, ಹೌದಲ್ವಾ ವಿನಯ್?"

ಅವನು ಎಲೆ ಅಡಿಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಗಡಿಯಾರದಲ್ಲಿ ಎಷ್ಟಿದೆ, ಓದಿ."

ವಿನಯ್ ಪರದೆ ನೋಡಲಿಲ್ಲ. ಲಕ್ಷ್ಮಮ್ಮನೇ ಓದಿದಳು. "ಐದು."

"ಆರು ಗಂಟೆ ಹಿಂದೆ. ಅವರ ಹತ್ತು ಅಂದ್ರೆ ಸಂಜೆ ನಾಲ್ಕು. ಬೀದಿ ದೀಪ ಹೊತ್ತಿಯೇ ಇರಲಿಲ್ಲ ವಿನಯ್ ಕುಮಾರ್. ನೀವು ಚೀಟಿ ತಗೊಂಡಾಗ ಬಿಸಿಲಿತ್ತು. ಬೆಳಗಿನ ಜಾವ ಮೂರಕ್ಕೆ ಬೆಂಗಳೂರಲ್ಲಿ ಇಳಿದಿರಿ. ಎಂಟಕ್ಕೆ ಸೂಳೆಕೆರೆ ಏರಿ ಮೇಲಿದ್ದಿರಿ."

ಅವನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿಯಿತು. ಒಳಗಿನಿಂದ ಯಾರೋ 'ಏನ್ರಿ ಅದು' ಎಂದು ಕೇಳಿದರು.

"ಇದ್ದೆ," ಎಂದ ಕೊನೆಗೆ, ಬಹಳ ಮೆಲ್ಲಗೆ. "ಬೇಗ ಬಂದಿದ್ದು ಖರೆ. ಕೆರೆಗೆ ಹೋಗಿದ್ದೂ ಖರೆ. ಎಣ್ಣೆ ವಿಷಯ ಕೇಳಾಕೆ ಮಹಾಂತೇಶನ್ನ ಅಲ್ಲಿಗೆ ಕರೆಸಿದ್ದೆ. ನಾನು ಕಾರು ಹತ್ತಿ ಹೊರಟಾಗ ಅವನು ಜೀವಂತ ಇದ್ದ ಮೇಡಂ. ನನ್ನ ಮಕ್ಕಳ ಮ್ಯಾಲೆ ಆಣೆ."

"ಹಾಗಾದ್ರೆ ಆಮೇಲೆ ಅಲ್ಲಿ ಯಾರಿದ್ರು?"

ಅವನು ಮತ್ತೆ ಜೀಪಿನ ಕಡೆ ನೋಡಿದ. "ನನ್ನನ್ನ ಕೇಳಬ್ಯಾಡ್ರಿ. ಮಾತು ಕೊಟ್ಟೀನಿ," ಎಂದ.

ಎಷ್ಟು ಗದರಿದರೂ ಅವನು ಅಲ್ಲಿಂದ ಮುಂದೆ ಬರಲಿಲ್ಲ. ಜೀಪಿನ ಹಿಂದೆಯೇ ಇನ್ನೊಂದು ಗಾಡಿಯಲ್ಲಿ ಬಂದಿದ್ದ ಇಬ್ಬರು ಕಾನ್‌ಸ್ಟೇಬಲ್‌ಗಳು ಅವನನ್ನು ಹತ್ತಿಸಿಕೊಂಡರು. ಶಿವಲೀಲಾ ನಾಗರಾಜನನ್ನು ಹೊನ್ನಾಳಿ ಕೋರ್ಟಿಗೆ ಕರೆದೊಯ್ದಿದ್ದ ಪೇದೆಗೆ ಫೋನ್ ಮಾಡಿ, ಹೊಸ ಸಾಕ್ಷಿ ಸಿಕ್ಕಿದೆ, ನಾನು ಬರುವವರೆಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಡಿ ಎಂದಳು. ಐದರವರೆಗೆ ಮಾತ್ರ ಮೇಡಂ, ಎಂದಿತು ಆ ಕಡೆಯ ದನಿ.

*

ದಾವಣಗೆರೆ ದಾಟುವಾಗ ಮೂರೂವರೆ. ಲಕ್ಷ್ಮಮ್ಮ ಹಿಂದಿನ ಸೀಟಿನಲ್ಲಿ ದೇವರುಗಳನ್ನೆಲ್ಲ ಒಬ್ಬೊಬ್ಬರಾಗಿ ನೆನೆಯುತ್ತಿದ್ದಳು. "ಮಗ ಮನೆಗೆ ಬಂದ್ರೆ ಸಾಕು. ಆ ಮೊಹರಿಗೆ, ಆ ಗಡಿಯಾರಕ್ಕೆ ಕೈ ಮುಗೀತೀನಿ," ಎಂದಳು.

ಶಿವಲೀಲಾಳಿಗೂ ಖುಷಿಯಾಗಬೇಕಿತ್ತು. ಆಗಲಿಲ್ಲ. ಚಪ್ಪಲಿಯೊಳಗೆ ಕಲ್ಲು ಸಿಕ್ಕಿದಂತೆ ಒಂದು ಪ್ರಶ್ನೆ ಚುಚ್ಚುತ್ತಲೇ ಇತ್ತು. ವಿನಯ್ ಅಡಿಸ್‌ಗೆ ಹೋದದ್ದು ಇದೇ ಮೊದಲು. ಮೊದಲ ಸಲ ಹೋದವರಿಗೆ ಆ ಗಡಿಯಾರ ಯಾರಾದರೂ ಹೇಳಿಕೊಡದೆ ತಿಳಿಯುವುದಿಲ್ಲ. ಸಂಜೆ ನಾಲ್ಕರ ಚೀಟಿಯನ್ನು ಊರಲ್ಲಿ ರಾತ್ರಿ ಹತ್ತರದ್ದೆಂದು ತೋರಿಸಬಹುದು ಎಂಬ ಬುದ್ಧಿ ಅವನಿಗೆ ಕೊಟ್ಟವರು ಯಾರು?

ಫೋನ್ ಟಿಂಗ್ ಎಂದಿತು. ವಿಮಾನ ಕಂಪನಿಯ ಉತ್ತರ. ಬುಧವಾರ ಬೆಳಗಿನ ಜಾವ ಬೆಂಗಳೂರಿಗೆ ಬಂದ ವಿಮಾನದ ಪ್ರಯಾಣಿಕರ ಪಟ್ಟಿ. ಅವಳು ಬೆರಳಿನಿಂದ ಕೆಳಗೆ ಸರಿಸುತ್ತ ಹೋದಳು. ಇಪ್ಪತ್ತನಾಲ್ಕು ಎ, ವಿನಯ್ ಕುಮಾರ್. ಸರಿ, ನಿರೀಕ್ಷಿಸಿದ್ದೇ.

ಇಪ್ಪತ್ತನಾಲ್ಕು ಬಿ.

ಅವಳು ಆ ಸಾಲನ್ನು ಎರಡು ಸಲ ಓದಿದಳು. ಆಮೇಲೆ ಹೆಣದ ಪಕ್ಕದ ಪೊಟ್ಟಣಗಳು ನೆನಪಾದವು. ಎರಡು. ಒಬ್ಬರಿಗೆ ಒಂದೇ ಕೊಡುತ್ತಾರೆ ಎಂದು ಮುದುಕಿ ಬೆಳಿಗ್ಗೆಯೇ ಹೇಳಿದ್ದಳು. ಕೇಳಿಸಿಕೊಂಡೂ ಕಿವುಡಿಯಾಗಿದ್ದಳು ಶಿವಲೀಲಾ.

ಅವಳು ನಿಧಾನವಾಗಿ ಹಿಂದೆ ತಿರುಗಿದಳು. "ಅನಿತಾ, ನೀನು ಬಂದದ್ದು ಗುರುವಾರ ಅಲ್ಲ."

ಲಕ್ಷ್ಮಮ್ಮನ ತುಟಿಯ ಮೇಲಿನ ದೇವರ ಹೆಸರು ಅಲ್ಲೇ ನಿಂತಿತು. ಅನಿತಾ ಬೆಚ್ಚಲಿಲ್ಲ. ಬೆಳಗಿನಿಂದ ಈ ಮಾತಿಗೇ ಕಾದವಳಂತೆ ತಲೆಯ ಸೆರಗನ್ನು ಬಿಟ್ಟಳು, ಅದರ ಕೆಳಗಿನ ಬಟ್ಟೆಯ ಗಂಟು ಬಿಚ್ಚಿದಳು.

ಅಲ್ಲಿ ಸೊಪ್ಪೂ ಇರಲಿಲ್ಲ, ಮೊಣಕಾಲು ಮುಟ್ಟುವ ಜಡೆಯೂ ಇರಲಿಲ್ಲ. ಕಿವಿಯ ಮೇಲೆ, ಕತ್ತಿನ ಹತ್ತಿರ ನಾಲ್ಕಾರು ಎಳೆ. ಉಳಿದದ್ದೆಲ್ಲ ಕೆಂಪಗೆ ಸುಲಿದ ಚರ್ಮ.

"ಅಯ್ಯೋ ನನ್ನವ್ವ!" ಲಕ್ಷ್ಮಮ್ಮ ಬಾಯಿ ಬಾಯಿ ಬಡಿದುಕೊಂಡಳು.

"ಮಹಾಂತಣ್ಣನ ಹೊಸ ಎಣ್ಣೆ," ಎಂದಳು ಅನಿತಾ. ಅಳು ಮುಗಿದುಹೋದವರ ದನಿ. "ಈ ಸಲ ಅದನ್ನೇ ಮಾರಾಕೆ ತಗಂಡು ಹೋಗಿದ್ದೆ. ನಮ್ಮ ಸೊಪ್ಪಿಂದಲ್ಲ, ಯಾವುದೋ ಗಾಡಿ ಎಣ್ಣೆ ಬೆರೆಸಿದ್ದು. ಮೊದ್ಲು ನನ್ನ ತಲೆಗೆ ಹಚ್ಕಂಡು ತೋರಿಸೇ ಮಾರ್ತೀನಲ್ಲ ಮೇಡಂ. ನಂದೂ ಹೋತು, ಅಲ್ಲಿ ಮೂವತ್ತು ಹೆಣ್ಮಕ್ಕಳದೂ ಹೋತು. ಇನ್ನು ಯಾವ ಮುಖ ಇಟ್ಕಂಡು ಆ ದೇಶಕ್ಕೆ ಹೋಗ್ಲಿ? ಕೇಳಾಕೆ ಹೋಗಿದ್ವಿ. ಕೊಲ್ಲಾಕಲ್ಲ."

"ಚೀಟಿ ಉಪಾಯ ನಿಂದೇನಾ?"

"ಹೂಂ. ವಿನಯಣ್ಣ ಹೆದರ್ಕಂಡಿದ್ದ. ನನ್ನ ಹೆಸರು ಎತ್ತಾದಿಲ್ಲ ಅಂತ ಮಾತು ಕೊಟ್ಟಿದ್ದ."

"ನಾಗರಾಜ್ ಯಾಕೆ ಬಾಯಿ ಬಿಡ್ತಿಲ್ಲ?"

ಅಲ್ಲಿಯವರೆಗೆ ಗಟ್ಟಿಯಾಗಿದ್ದ ಅನಿತಾ ಈಗ ಒಡೆದಳು. "ನನ್ನ ಕರ್ಕಂಡು ಹೋಗಾಕೆ ಬೈಕ್ ತಂದಿದ್ದ. ಬರೋ ಹೊತ್ತಿಗೆ ಮಹಾಂತಣ್ಣ ಏರಿ ಕೆಳಗೆ ಸತ್ತು ಬಿದ್ದಿದ್ದ, ನಾನು ಪಕ್ಕದಾಗೆ ನಡುಗ್ತಾ ನಿಂತಿದ್ದೆ. ನಾನೇ ಮಾಡೀನಿ ಅಂತ ತಿಳ್ಕಂಡಾನೆ ಮೇಡಂ. ಅಲ್ಲ ಅಂದ್ರೂ ನಂಬಲಿಲ್ಲ. ನೀನು ಸುಮ್ನಿರು, ನಾನು ನೋಡ್ಕಂತೀನಿ ಅಂದ."

ಒಬ್ಬ ಮನುಷ್ಯ ನೀರನ್ನೂ ಮುಟ್ಟದೆ ಕೂತದ್ದು ಇದಕ್ಕೆ. ಈ ಹೆಣ್ಣು ಹೇಳುತ್ತಿರುವುದು ನಿಜವೋ, ಗಂಡನನ್ನು ಬಿಡಿಸಿಕೊಂಡು ತಾನೂ ಜಾರಿಕೊಳ್ಳುವ ಇನ್ನೊಂದು ಉಪಾಯವೋ? ಗಡಿಯಾರದ ಆರು ಗಂಟೆಯನ್ನೇ ಬಚ್ಚಿಟ್ಟವಳು ಇವಳು. ಐದು ಗಂಟೆಗೆ ಮತ್ತೆ ಕಾಲೋನಿಯವರ ಕೈಗೇ ಕೋಳ ಹಾಕಿದರೆ ಜಿಲ್ಲೆಯಲ್ಲಿ ಯಾರೂ ಹುಬ್ಬೇರಿಸುವುದಿಲ್ಲ.

"ವಿನಯ್ ಹೊರಟ ಮೇಲೆ ಏರಿ ಮೇಲೆ ಉಳಿದದ್ದು ನೀನು, ಮಹಾಂತೇಶ್. ಇಬ್ಬರೇ," ಎಂದಳು ಶಿವಲೀಲಾ.

"ಇಬ್ಬರಲ್ಲ ಮೇಡಂ. ಮೂರು ಜನ ಇದ್ವಿ. ಮಹಾಂತಣ್ಣ ಒಬ್ಬನೇ ಬಂದಿರ್ಲಿಲ್ಲ."

"ಮೂರನೆಯವರು ಯಾರು?"

ಅನಿತಾ ಉತ್ತರಿಸುವ ಮೊದಲೇ ಶಿವಲೀಲಾಳ ಕೈಯಲ್ಲಿ ಫೋನ್ ಬಡಿದುಕೊಂಡಿತು. ಅನಿತಾ ಬಗ್ಗಿ ಪರದೆ ನೋಡಿದಳು. ಓದು ಅವಳಿಗೆ ಅಷ್ಟಾಗಿ ಬರದಿದ್ದರೂ ಅದರಲ್ಲಿ ಫೋಟೊ ಇತ್ತು. ಅವಳು ಬಟ್ಟೆಯನ್ನು ಮತ್ತೆ ತಲೆಗೆ ಎಳೆದುಕೊಂಡು ಸೀಟಿನ ಮೂಲೆಗೆ ಸರಿದಳು.

"ಎತ್ರಿ ಮೇಡಂ," ಎಂದಳು ಪಿಸುದನಿಯಲ್ಲಿ. "ನಾನು ಈ ಗಾಡಿಯಾಗೆ ಇದೀನಿ ಅಂತ ಮಾತ್ರ ಹೇಳಬ್ಯಾಡ್ರಿ."

ಪರದೆಯ ಮೇಲೆ ಪ್ರಮೀಳಾಳ ಮುಖವಿತ್ತು. ಹೊನ್ನಾಳಿ ಇನ್ನು ಇಪ್ಪತ್ತೆರಡು ಕಿಲೋಮೀಟರ್ ಎಂದಿತು ರಸ್ತೆ ಬದಿಯ ಕಲ್ಲು.